ಲೆಕ್ಕದ ಪುಸ್ತಕ ಎಷ್ಟು ಜನರ ಕೈಯಲ್ಲಿದೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳು ಬರೀ ನೆನಪು ಹೇಳಿ ಹೋಗಬಾರದು, ತಂತಮ್ಮ ಕೆಲಸದಲ್ಲಿ ಕಂಡ ಒಂದು ವಿಷಯವನ್ನು ಊರಿಗೆ ಉಪಯೋಗವಾಗುವಂತೆ ಹೇಳಬೇಕು ಎಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾನು ಬೆಂಗಳೂರಿನಲ್ಲಿ ಸರ್ವರ್‌ಗಳನ್ನು, ಅಂದರೆ ಹಗಲೂ ರಾತ್ರಿ ಓಡುತ್ತಲೇ ಇರುವ ದೊಡ್ಡ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಯಾವ ಯಂತ್ರ ಯಾವಾಗ ಕೈಕೊಡುತ್ತದೆ, ಕೈಕೊಟ್ಟರೆ ಏನೇನು ನಿಲ್ಲುತ್ತದೆ ಎಂದು ಮೊದಲೇ ಯೋಚಿಸಿಡುವುದು ನನ್ನ ಕಸುಬು. ಆ ಕಸುಬಿನ ಕಣ್ಣಿನಿಂದಲೇ ಇವತ್ತು ಒಂದು ವಿಷಯ ಹೇಳುತ್ತೇನೆ.

ಈ ವಿಷಯ ನಾನು ಆರಿಸಿಕೊಂಡದ್ದಲ್ಲ, ನಮ್ಮೂರೇ ಕೊಟ್ಟದ್ದು. ಕಳೆದ ಯುಗಾದಿಗೆ ಬಂದಿದ್ದಾಗ ನಮ್ಮ ಬೀದಿಯ ಹಿರಿಯರೊಬ್ಬರು ಕರೆದು ಜಗಲಿಯ ಮೇಲೆ ಕೂರಿಸಿಕೊಂಡು ಕೇಳಿದರು: “ಏನವ್ವಾ, ನೀನು ಕಂಪ್ಯೂಟರ್ ಕೆಲಸದೋಳು. ನನ್ನ ಮಗ ಕೊಬ್ಬರಿ ಮಾರಿದ ದುಡ್ಡಲ್ಲಿ ಒಂದಷ್ಟನ್ನ ಮೊಬೈಲಲ್ಲಿ ಅದೇನೋ ಕಾಯಿನ್‌ಗೆ ಹಾಕವ್ನೆ. ಬ್ಯಾಂಕಾದ್ರೆ ಲೆಕ್ಕ ಒಂದೇ ಕಡೆ ಇರ್ತದೆ, ಇದು ಸಾವಿರಾರು ಕಂಪ್ಯೂಟರಲ್ಲಿ ಇರ್ತದೆ, ಯಾರೂ ಏನೂ ಮಾಡಕ್ಕಾಗಲ್ಲ ಅಂತಾನೆ. ಹೌದಾ?”

ಕ್ರಿಪ್ಟೋ ಕಾಯಿನ್‌ಗಳ ಬೆಲೆ ಏರುತ್ತದೋ ಇಳಿಯುತ್ತದೋ, ಅದು ನನಗೆ ಗೊತ್ತಿರುವ ವಿದ್ಯೆಯಲ್ಲ. ಆದರೆ ‘ಸಾವಿರಾರು ಕಂಪ್ಯೂಟರಲ್ಲಿ ಇದೆ, ಆದ್ದರಿಂದ ಭದ್ರ’ ಎಂಬ ಮಾತು ನನ್ನ ಕಸುಬಿಗೆ ಸೇರಿದ್ದು. ಅದು ಎಷ್ಟು ನಿಜ, ಎಷ್ಟು ಸುಳ್ಳು ಎಂಬುದಷ್ಟೇ ಇವತ್ತಿನ ಮಾತು.

ಮೊದಲು ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ನಮ್ಮ ತರಗತಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಒಂಬತ್ತನೇ ತರಗತಿಯಲ್ಲಿ ನಮ್ಮ ಗಣಿತದ ಮೇಷ್ಟ್ರು ಪಕ್ಕದವರ ಜೊತೆ ಪುಸ್ತಕ ಅದಲು ಬದಲು ಮಾಡಿಸಿ ಲೆಕ್ಕ ತಿದ್ದಿಸುತ್ತಿದ್ದರು. ಒಂದೇ ಷರತ್ತು: ಬರೀ ಉತ್ತರ ನೋಡಿ ಸರಿ ಗುರುತು ಹಾಕುವಂತಿಲ್ಲ, ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ತಾನೇ ಮಾಡಿ ನೋಡಿಯೇ ಹಾಕಬೇಕು.

ಈಗ ಆ ತರಗತಿಯ ನಲವತ್ತು ಮಕ್ಕಳೂ ಒಂದೊಂದು ಲೆಕ್ಕದ ಪುಸ್ತಕ ಇಟ್ಟಿದ್ದಾರೆ ಎಂದುಕೊಳ್ಳಿ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬುದು ನಲವತ್ತು ಪುಸ್ತಕಗಳಲ್ಲೂ ಒಂದೇ ರೀತಿ ಬರೆದಿರಬೇಕು. ಕೊಡುವವನು ತನ್ನ ಗುಟ್ಟಿನ ಮೊಹರು ಒತ್ತಿದರೆ ಮಾತ್ರ ಆ ಕೊಡುಗೆ ಲೆಕ್ಕಕ್ಕೆ ಬರುತ್ತದೆ. ಪ್ರತಿ ಹೊಸ ಪುಟದ ತಲೆಯ ಮೇಲೆ ಹಿಂದಿನ ಪುಟದ ಒಟ್ಟು ಗುರುತನ್ನು ಬರೆಯಬೇಕು, ಆದ್ದರಿಂದ ಹಳೆಯ ಪುಟವನ್ನು ಕದ್ದು ತಿದ್ದಿದರೆ ಮುಂದಿನ ಪುಟಗಳೆಲ್ಲ ತಾಳೆಯಾಗುವುದಿಲ್ಲ. ಒಬ್ಬ ಹುಡುಗ ತನ್ನ ಪುಸ್ತಕದಲ್ಲಿ ಹತ್ತು ರೂಪಾಯಿಯನ್ನು ನೂರು ಎಂದು ತಿದ್ದಿಕೊಂಡರೆ ಉಳಿದ ಮೂವತ್ತೊಂಬತ್ತು ಜನ ಅದನ್ನು ಒಪ್ಪುವುದಿಲ್ಲ. ಒಬ್ಬನ ಪುಸ್ತಕ ಮಳೆಯಲ್ಲಿ ನೆನೆದು ಹೋದರೂ ಲೆಕ್ಕ ಹೋಗುವುದಿಲ್ಲ. ಇದರಲ್ಲಿ ಕ್ಲಾಸ್ ಲೀಡರ್ ಬೇಕಾಗಿಲ್ಲ, ಮೇಷ್ಟ್ರೂ ಬೇಕಾಗಿಲ್ಲ.

ಬಿಟ್‌ಕಾಯಿನ್ ಎಂಬುದು ಇದೇ ಉಪಾಯ. ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಅದರ ವಿವರಣೆ ಹೊರಬಂತು, 2009ರ ಜನವರಿ 3ರಂದು ಅದರ ಮೊದಲ ಪುಟ ಬರೆಯಲಾಯಿತು. ಆ ಹೆಸರಿನ ಹಿಂದೆ ಯಾರಿದ್ದಾರೆಂದು ಇವತ್ತಿಗೂ ಖಚಿತವಾಗಿಲ್ಲ. ಸುಮಾರು ಹತ್ತು ನಿಮಿಷಕ್ಕೊಂದರಂತೆ ಹೊಸ ಪುಟ ಸೇರುತ್ತಲೇ ಬಂದಿದೆ. ಆ ಪುಟಕ್ಕೆ ಬ್ಲಾಕ್ ಎನ್ನುತ್ತಾರೆ, ಪುಟಗಳ ಸರಪಳಿಗೆ ಬ್ಲಾಕ್‌ಚೈನ್ ಎನ್ನುತ್ತಾರೆ. ಪುಸ್ತಕವನ್ನು ಪೂರ್ತಿ ಇಟ್ಟುಕೊಂಡು ಪ್ರತಿ ಪುಟವನ್ನೂ ತಾನೇ ಪರೀಕ್ಷಿಸುವ ಕಂಪ್ಯೂಟರಿಗೆ ‘ನೋಡ್’ ಎನ್ನುತ್ತಾರೆ. ಅದು ಇಂಗ್ಲಿಷ್ ಪದವಾದರೂ ನಮ್ಮ ಕಿವಿಗೆ ‘ನೋಡು’ ಎಂದೇ ಕೇಳಿಸುತ್ತದೆ, ಅರ್ಥಕ್ಕೂ ಅದೇ ಸರಿಹೋಗುತ್ತದೆ. ತಾನೇ ನೋಡಿ ಒಪ್ಪುವವನೇ ನೋಡ್.

ಆದ್ದರಿಂದ ಆ ಹುಡುಗ ಅಪ್ಪನಿಗೆ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಪುಸ್ತಕಗಳು ಬೇರೆಬೇರೆ ಮನೆಗಳಲ್ಲಿದ್ದು, ಬೇರೆಬೇರೆ ಜನ ಬೇರೆಬೇರೆಯಾಗಿ ನೋಡುತ್ತಿದ್ದರೆ ಅದು ಭದ್ರ. ಉಳಿದ ಅರ್ಧ ಏನೆಂದರೆ, ಪುಸ್ತಕಗಳ ಸಂಖ್ಯೆ ಹಾಗೇ ಇದ್ದು, ಅವು ಸದ್ದಿಲ್ಲದೆ ಕೆಲವೇ ಕೈಗಳಿಗೆ ಸೇರಿಬಿಡಬಹುದು. ಹೊರಗಿನಿಂದ ನೋಡುವವರಿಗೆ ನಲವತ್ತು ಪುಸ್ತಕ ಕಾಣುತ್ತದೆ, ಒಳಗೆ ಎರಡೋ ಮೂರೋ ಕೈ ಇರುತ್ತದೆ. ಇದು ನಾಲ್ಕು ರೀತಿಯಲ್ಲಿ ಆಗಿರುವುದನ್ನು ಲೋಕ ಕಂಡಿದೆ. ಒಂದೊಂದಕ್ಕೂ ನಡೆದ ಸಂಗತಿಯನ್ನೇ ಹೇಳುತ್ತೇನೆ.

ಮೊದಲನೆಯದು, ಪುಸ್ತಕಗಳೆಲ್ಲ ಒಂದೇ ಬೀರುವಿನಲ್ಲಿ ಇರುವುದು. ಮನೆಗೆ ಹೊತ್ತುಕೊಂಡು ಹೋಗುವ ತೊಂದರೆ ಯಾಕೆ ಎಂದು ಮಕ್ಕಳೆಲ್ಲ ಪುಸ್ತಕಗಳನ್ನು ಶಾಲೆಯ ಒಂದೇ ಬೀರುವಿನಲ್ಲಿಟ್ಟು ಹೋದರು ಎಂದುಕೊಳ್ಳಿ. ಪುಸ್ತಕ ನಲವತ್ತೇ, ಆದರೆ ಬೀಗದ ಕೈ ಒಂದೇ. ಸೊಲಾನಾ ಎಂಬ ಕಾಯಿನ್ ಜಾಲದಲ್ಲಿ ಹೊಸ ಪುಟಗಳನ್ನು ಒಪ್ಪುವ ಕಂಪ್ಯೂಟರುಗಳಿಗೆ ವ್ಯಾಲಿಡೇಟರ್ ಎನ್ನುತ್ತಾರೆ. ಅವುಗಳನ್ನು ನಡೆಸುವ ಬಹಳ ಜನ ಸ್ವಂತ ಯಂತ್ರ ಕೊಳ್ಳದೆ ಜರ್ಮನಿಯ ಹೆಟ್ಸ್ನರ್ ಎಂಬ ಕಂಪನಿಯಿಂದ ಬಾಡಿಗೆಗೆ ಪಡೆದಿದ್ದರು. ಬಾಡಿಗೆ ಕಡಿಮೆ, ಸೇವೆ ಚೆನ್ನ. ಆದರೆ ಇಂಥ ಕೆಲಸಕ್ಕೆ ನಮ್ಮ ಯಂತ್ರ ಬಳಸುವಂತಿಲ್ಲ ಎಂಬುದು ಆ ಕಂಪನಿಯ ನಿಯಮವಾಗಿತ್ತು. 2022ರ ನವೆಂಬರ್ 2ರಂದು ಅದು ಆ ಕಂಪ್ಯೂಟರುಗಳನ್ನು ತಡೆಹಿಡಿಯಿತು. ಸುಮಾರು ಸಾವಿರ ವ್ಯಾಲಿಡೇಟರ್‌ಗಳು, ಜಾಲದ ಮತಬಲದಲ್ಲಿ ಸುಮಾರು ಐದನೇ ಒಂದು ಭಾಗ, ಒಟ್ಟಿಗೆ ಮಾಯವಾದವು. ಅಲ್ಲಿನ ನಿಯಮದ ಪ್ರಕಾರ ಮೂರನೇ ಒಂದು ಭಾಗ ಕೈಬಿಟ್ಟರೆ ಇಡೀ ಜಾಲವೇ ನಿಲ್ಲುತ್ತದೆ. ಅಷ್ಟು ಹೋಗಲಿಲ್ಲವಾದ್ದರಿಂದ ಜಾಲ ನಿಲ್ಲಲಿಲ್ಲ. ಇದರಲ್ಲಿ ಕಳ್ಳನಿಲ್ಲ, ಮೋಸವಿಲ್ಲ. ಯಾರದೋ ಕಟ್ಟಡದಲ್ಲಿ ಕೂತವರು ಕಟ್ಟಡದವರ ಮಾತು ಕೇಳಬೇಕಾಯಿತು, ಅಷ್ಟೇ.

ಎರಡನೆಯದು, ಎಲ್ಲರೂ ಒಬ್ಬನ ಪುಸ್ತಕ ನೋಡಿ ಬರೆಯುವುದು. ತರಗತಿಯಲ್ಲಿ ಒಬ್ಬ ಜಾಣ ಇರುತ್ತಾನೆ. ಲೆಕ್ಕ ಮಾಡುವ ಶ್ರಮ ಬೇಡವೆಂದು ಉಳಿದವರು ಅವನ ಉತ್ತರವನ್ನೇ ಇಳಿಸಿಕೊಳ್ಳುತ್ತಾರೆ. ಅವನು ಸರಿ ಇರುವವರೆಗೂ ಎಲ್ಲರಿಗೂ ನೂರಕ್ಕೆ ನೂರು. ಈಥೀರಿಯಂ ಎಂಬುದು ಬಿಟ್‌ಕಾಯಿನ್ ಬಿಟ್ಟರೆ ಅತಿ ದೊಡ್ಡ ಜಾಲ. ಅದರಲ್ಲಿ ಸ್ವಂತ ನೋಡ್ ನಡೆಸಲು ಒಳ್ಳೆಯ ಕಂಪ್ಯೂಟರು, ದೊಡ್ಡ ಡಿಸ್ಕು, ನಿಲ್ಲದ ಕರೆಂಟು, ನಿಲ್ಲದ ಇಂಟರ್ನೆಟ್ಟು ಬೇಕು. ಅದಕ್ಕಾಗಿ ಬಹುಪಾಲು ಆ್ಯಪ್‌ಗಳು ಇನ್‌ಫ್ಯೂರಾ ಎಂಬ ಒಂದು ಸೇವೆಯನ್ನು ಕೇಳಿ ಲೆಕ್ಕ ತಿಳಿದುಕೊಳ್ಳುತ್ತಿದ್ದವು. ಲಕ್ಷಾಂತರ ಜನ ಬಳಸುವ ಮೆಟಾಮಾಸ್ಕ್ ಎಂಬ ವ್ಯಾಲೆಟ್ ಕೂಡ, ಬಳಸುವವರು ಬದಲಿಸಿಕೊಳ್ಳದಿದ್ದರೆ, ಅದರ ಮೂಲಕವೇ ನೋಡುತ್ತಿತ್ತು. 2020ರ ನವೆಂಬರ್ 11ರಂದು ಒಂದು ತೊಂದರೆ ಎದುರಾಯಿತು. ನೋಡ್ ನಡೆಸುವ ಗೆಥ್ ಎಂಬ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಒಂದು ದೋಷವಿತ್ತು, ಹೊಸ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಗಿತ್ತು. ಆ ದಿನ ಬಂದ ಒಂದು ವ್ಯವಹಾರದಿಂದ ಹಳೆಯ ಆವೃತ್ತಿ ಇಟ್ಟುಕೊಂಡಿದ್ದವರ ಲೆಕ್ಕವೇ ಬೇರೆ, ಹೊಸದು ಹಾಕಿಕೊಂಡಿದ್ದವರ ಲೆಕ್ಕವೇ ಬೇರೆ ಆಯಿತು. ಇನ್‌ಫ್ಯೂರಾ ಹಳೆಯದರಲ್ಲಿತ್ತು. ಅದನ್ನು ನಂಬಿದ್ದವರೆಲ್ಲ ಕೆಲವು ಗಂಟೆಗಳ ಕಾಲ ತಪ್ಪು ಪುಸ್ತಕ ನೋಡುತ್ತಿದ್ದರು, ಇಲ್ಲವೇ ಏನೂ ಕಾಣದೆ ಕೂತಿದ್ದರು. ಬೈನಾನ್ಸ್‌ನಂಥ ದೊಡ್ಡ ವಿನಿಮಯ ಕೇಂದ್ರಗಳು ಹಣ ಹಿಂತೆಗೆಯುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದವು. ಸಾವಿರಾರು ನೋಡ್‌ಗಳಿದ್ದ ಜಾಲದಲ್ಲಿ ಜನ ನೋಡುತ್ತಿದ್ದದ್ದು ಒಬ್ಬನ ಕಣ್ಣಿನಿಂದ.

ಮೂರನೆಯದು, ಹೊಸ ಪುಟ ಬರೆಯುವ ಪೆನ್ನು ಒಬ್ಬನ ಕೈ ಸೇರುವುದು. ಬಿಟ್‌ಕಾಯಿನ್‌ನಲ್ಲಿ ಹೊಸ ಪುಟ ಯಾರು ಬರೆಯಬೇಕೆಂಬುದು ಒಂದು ಪಂದ್ಯದಿಂದ ತೀರ್ಮಾನವಾಗುತ್ತದೆ. ಕರೆಂಟು ಸುಟ್ಟು ಕಠಿಣವಾದ ಲೆಕ್ಕವೊಂದನ್ನು ಮೊದಲು ಬಿಡಿಸಿದವರು ಬರೆಯುತ್ತಾರೆ. ಇದನ್ನು ಗಣಿಗಾರಿಕೆ ಎನ್ನುತ್ತಾರೆ. ಒಬ್ಬೊಬ್ಬರೇ ಗೆಲ್ಲುವುದು ಕಷ್ಟವೆಂದು ಗಣಿಗಾರರು ಕೂಟ ಕಟ್ಟಿಕೊಳ್ಳುತ್ತಾರೆ. ಒಂದೇ ಕೂಟದ ಕೈಗೆ ಅರ್ಧಕ್ಕಿಂತ ಹೆಚ್ಚು ಬಲ ಸಿಕ್ಕಿದರೆ ಅದು ತನಗೆ ಬೇಡವಾದ ವ್ಯವಹಾರಗಳನ್ನು ತಡೆಯಬಹುದು, ತಾನು ಒಮ್ಮೆ ಕೊಟ್ಟ ಹಣವನ್ನು ಇತ್ತೀಚಿನ ಪುಟಗಳನ್ನು ಹರಿದು ಬೇರೆ ಪುಟ ಬರೆದು ಮತ್ತೆ ಖರ್ಚು ಮಾಡಬಹುದು. ಆದರೆ ಇನ್ನೊಬ್ಬರ ಮೊಹರನ್ನು ಅದು ಒತ್ತಲಾರದು. 2014ರ ಜೂನ್‌ನಲ್ಲಿ ಜಿಹ್ಯಾಶ್ ಎಂಬ ಕೂಟ ಸ್ವಲ್ಪ ಹೊತ್ತು ಆ ಅರ್ಧದ ಗೆರೆಯನ್ನು ದಾಟಿತು. ಸುದ್ದಿ ಹಬ್ಬಿದ ಕೂಡಲೇ ಎಷ್ಟೋ ಗಣಿಗಾರರು ಅದನ್ನು ಬಿಟ್ಟು ಬೇರೆ ಕೂಟ ಸೇರಿದರು, ಮರು ತಿಂಗಳು ಆ ಕೂಟವೇ ಶೇಕಡ 40ನ್ನು ದಾಟುವುದಿಲ್ಲ ಎಂದು ಮಾತು ಕೊಟ್ಟಿತು. ನೋಡುವ ಜನ ಇದ್ದರು, ಆದ್ದರಿಂದ ಅಪಾಯ ಅಲ್ಲಿಗೇ ನಿಂತಿತು. ಆದರೆ ಸಣ್ಣ ಜಾಲಗಳಿಗೆ ಈ ಭಾಗ್ಯವಿಲ್ಲ. ಅಲ್ಲಿ ಗಣಿಗಾರಿಕೆಯ ಒಟ್ಟು ಬಲವೇ ಕಡಿಮೆ, ಅರ್ಧಕ್ಕಿಂತ ಹೆಚ್ಚನ್ನು ದುಡ್ಡು ಕೊಟ್ಟು ಬಾಡಿಗೆಗೆ ತರಬಹುದು. ಈಥೀರಿಯಂ ಕ್ಲಾಸಿಕ್ ಎಂಬ ಜಾಲದ ಮೇಲೆ 2020ರ ಆಗಸ್ಟ್ ಒಂದೇ ತಿಂಗಳಲ್ಲಿ ಮೂರು ಬಾರಿ ಇಂಥ ದಾಳಿಯಾಯಿತು. ‘ಹೊಸ ಕಾಯಿನ್, ಅಗ್ಗ, ಈಗಲೇ ಹಾಕಿ’ ಎಂದು ಮೊಬೈಲಿಗೆ ಬರುತ್ತದಲ್ಲ, ಅದನ್ನು ನೋಡುವಾಗ ಇದನ್ನು ನೆನಪಿಡಿ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡ ಪಾಠ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ ಸ್ಕೈ ಮೇವಿಸ್ ಎಂಬ ಕಂಪನಿ ಇದೆ. ಅದು ಆ್ಯಕ್ಸಿ ಇನ್ಫಿನಿಟಿ ಎಂಬ ಆಟವನ್ನು ಮಾಡಿತು. ಅದರಲ್ಲಿ ಆಡಿ ಗೆದ್ದದ್ದು ಕಾಯಿನ್ ಆಗಿ ಕೈಗೆ ಬರುತ್ತಿತ್ತು. ಕೊರೋನಾ ಕಾಲದಲ್ಲಿ ಕೆಲಸ ಕಳೆದುಕೊಂಡ ಫಿಲಿಪೀನ್ಸಿನ ಎಷ್ಟೋ ಕುಟುಂಬಗಳು ಈ ಆಟದಿಂದ ಮನೆ ಖರ್ಚು ನಡೆಸಿದವು. ಆಟದ ಹಣ ಓಡಾಡಲು ಕಂಪನಿ ರೋನಿನ್ ಎಂಬ ಜಾಲವನ್ನು ಕಟ್ಟಿತ್ತು. ಈಥೀರಿಯಂನಿಂದ ರೋನಿನ್‌ಗೆ ಹಣ ದಾಟಿಸಲು ಒಂದು ಸೇತುವೆ, ಆ ಸೇತುವೆಯ ಖಜಾನೆಗೆ ಒಂಬತ್ತು ಕಾವಲುಗಾರರು, ಅಂದರೆ ಒಂಬತ್ತು ವ್ಯಾಲಿಡೇಟರ್‌ಗಳು. ಒಂಬತ್ತರಲ್ಲಿ ಐದು ಮೊಹರು ಬಿದ್ದರೆ ಖಜಾನೆಯಿಂದ ಹಣ ಹೊರಡುತ್ತದೆ.

ಕೇಳಲು ಸರಿಯಾಗೇ ಇದೆ. ಐದು ಜನ ಒಟ್ಟಿಗೆ ಕೆಡುವುದು ಸುಲಭವೇ? ಆದರೆ ಆ ಒಂಬತ್ತರಲ್ಲಿ ನಾಲ್ಕನ್ನು ಒಂದೇ ಕಂಪನಿ, ಸ್ಕೈ ಮೇವಿಸ್, ನಡೆಸುತ್ತಿತ್ತು. ಐದನೆಯದರ ಕಥೆ ಇನ್ನೂ ಕೇಳಿ. 2021ರ ನವೆಂಬರ್‌ನಲ್ಲಿ ಆಟಗಾರರು ವಿಪರೀತ ಹೆಚ್ಚಾಗಿ ಕೆಲಸದ ಹೊರೆ ಏರಿದಾಗ, ಆ್ಯಕ್ಸಿ ಡಾವೊ ಎಂಬ ಇನ್ನೊಂದು ಸಂಸ್ಥೆ ತನ್ನ ಪರವಾಗಿ ಸಹಿ ಮಾಡಲು ಸ್ಕೈ ಮೇವಿಸ್‌ಗೆ ಅನುಮತಿ ಕೊಟ್ಟಿತ್ತು. ಡಿಸೆಂಬರ್‌ನಲ್ಲಿ ಆ ಏರ್ಪಾಡು ಮುಗಿಯಿತು, ಅನುಮತಿಯನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ. ಅಲ್ಲಿಗೆ ಲೆಕ್ಕ ಏನಾಯಿತು? ಹೆಸರಿಗೆ ಒಂಬತ್ತು ಕಾವಲುಗಾರರು, ಬೇಕಾದದ್ದು ಐದು ಮೊಹರು, ಆ ಐದೂ ಒಂದೇ ಕಂಪನಿಯ ಕಂಪ್ಯೂಟರುಗಳ ಮೂಲಕ ಸಿಗುತ್ತಿದ್ದವು.

ಕಳ್ಳರಿಗೆ ಬೇಕಾದದ್ದು ಒಂದು ಬಾಗಿಲು. ಆ ಕಂಪನಿಯ ನೌಕರರೊಬ್ಬರಿಗೆ ಮೋಸದ ಸಂದೇಶ ಕಳಿಸಿ ಅವರ ಕಂಪ್ಯೂಟರಿನ ಮೂಲಕ ಒಳಗೆ ನುಗ್ಗಿದರು. 2022ರ ಮಾರ್ಚ್ 23ರಂದು ಎರಡೇ ವ್ಯವಹಾರಗಳಲ್ಲಿ 1,73,600 ಈಥರ್ ಮತ್ತು 2 ಕೋಟಿ 55 ಲಕ್ಷ ಯುಎಸ್‌ಡಿಸಿ ಎಂಬ ಡಾಲರ್ ಕಾಯಿನ್ ಹೊರಟು ಹೋಯಿತು. ಆಗಿನ ಬೆಲೆಯಲ್ಲಿ 60 ಕೋಟಿ ಡಾಲರಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಸಾವಿರ ಕೋಟಿ ರೂಪಾಯಿಗೂ ಮೇಲೆ. ಗೊತ್ತಾದದ್ದು ಯಾವಾಗ? ಮಾರ್ಚ್ 29ರಂದು, ಬಳಕೆದಾರರೊಬ್ಬರು 5,000 ಈಥರ್ ತೆಗೆಯಲು ಹೋಗಿ ಬಾರದಿದ್ದಾಗ. ಆರು ದಿನ ಖಜಾನೆ ಖಾಲಿ ಇತ್ತು, ಯಾರೂ ನೋಡಿರಲಿಲ್ಲ. ಉತ್ತರ ಕೊರಿಯಾದ ನಂಟಿರುವ ಲಾಜರಸ್ ಎಂಬ ತಂಡದ ಕೃತ್ಯ ಇದು ಎಂದು ಅಮೆರಿಕದ ಎಫ್‌ಬಿಐ ಏಪ್ರಿಲ್‌ನಲ್ಲಿ ಹೇಳಿತು. ಕಂಪನಿ ಬೇರೆ ಕಡೆಯಿಂದ ಬಂಡವಾಳ ಎತ್ತಿ ಬಳಕೆದಾರರ ನಷ್ಟ ತುಂಬಿಕೊಡಲು ಮುಂದಾಯಿತು, ಜೂನ್ 28ರಂದು ಸೇತುವೆಯನ್ನು ಮತ್ತೆ ತೆರೆಯಿತು. ಕಾವಲುಗಾರರ ಸಂಖ್ಯೆ ಹೆಚ್ಚಿಸಿ, ಬೇರೆಬೇರೆ ಸಂಸ್ಥೆಗಳಿಗೆ ಹಂಚುವ ಕೆಲಸಕ್ಕೂ ಕೈಹಾಕಿತು.

ಗಮನಿಸಿ, ಇಲ್ಲಿ ಗಣಿತ ಸೋಲಲಿಲ್ಲ. ಬೀಗ ಒಡೆಯಲಿಲ್ಲ. ಐದು ಕೀಲಿಗಳು ಒಂದೇ ಗೊಂಚಲಿನಲ್ಲಿ ನೇತಾಡುತ್ತಿದ್ದವು, ಕಳ್ಳ ಗೊಂಚಲನ್ನು ಎತ್ತಿಕೊಂಡ.

ಹೀಗೆ ಯಾಕಾಗುತ್ತದೆ? ದುರುದ್ದೇಶವೇ ಬೇಕಿಲ್ಲ, ಅನುಕೂಲ ಸಾಕು. ಒಂದೇ ಕಟ್ಟಡದಲ್ಲಿದ್ದರೆ ಬಾಡಿಗೆ ಕಡಿಮೆ. ಒಬ್ಬನನ್ನು ಕೇಳಿಕೊಂಡರೆ ಸ್ವಂತ ಕಂಪ್ಯೂಟರು ಬೇಕಿಲ್ಲ. ಕೂಟ ದೊಡ್ಡದಾದಷ್ಟೂ ಆದಾಯ ಸ್ಥಿರ. ಒಬ್ಬನೇ ಐದು ಸಹಿ ಹಾಕಿದರೆ ಕೆಲಸ ಬೇಗ. ಪ್ರತಿಯೊಬ್ಬರೂ ತಮಗೆ ಸುಲಭವಾದದ್ದನ್ನು ಮಾಡುತ್ತಾ ಹೋಗುತ್ತಾರೆ, ಹತ್ತು ದಾರಿಗಳು ಒಂದೇ ಕಾಲುಸೇತುವೆಗೆ ಬಂದು ಸೇರುತ್ತವೆ. ಯಾರೋ ಒಬ್ಬರು ನೋಡುತ್ತಿರುತ್ತಾರೆ ಬಿಡು ಎಂದು ಎಲ್ಲರೂ ಅಂದುಕೊಂಡಾಗ ಯಾರೂ ನೋಡುತ್ತಿರುವುದಿಲ್ಲ.

ಇಲ್ಲಿ ಹಿರಿಯರು ಒಂದು ಪ್ರಶ್ನೆ ಕೇಳಬಹುದು. ಬ್ಯಾಂಕಿನಲ್ಲೂ ಲೆಕ್ಕ ಒಂದೇ ಕೈಯಲ್ಲಿರುತ್ತದಲ್ಲ, ಅದು ಅಪಾಯವಲ್ಲವೇ? ಹೌದು, ಒಂದೇ ಕೈ. ಆದರೆ ಆ ಕೈಯನ್ನು ಕಾನೂನು ಕಟ್ಟಿಹಾಕಿದೆ. ಮೇಲೆ ರಿಸರ್ವ್ ಬ್ಯಾಂಕ್ ಇದೆ, ಆಡಿಟ್ ಇದೆ, ನ್ಯಾಯಾಲಯ ಇದೆ. ಬ್ಯಾಂಕೇ ಮುಳುಗಿದರೂ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರುವರಿಯಲ್ಲಿ ಅದನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಬ್ಯಾಂಕು ಒಂದು ಕೈಯನ್ನು ನಂಬಿ ಅದಕ್ಕೆ ಹಗ್ಗ ಕಟ್ಟುವ ದಾರಿ. ಬಿಟ್‌ಕಾಯಿನ್ ಹೇಳಿದ್ದು ಯಾವ ಒಂದು ಕೈಯನ್ನೂ ನಂಬದೆ ಸಾವಿರ ಕಣ್ಣುಗಳನ್ನು ಇಡುವ ದಾರಿ. ಎರಡಕ್ಕೂ ಅದರದರ ತರ್ಕವಿದೆ. ಅಪಾಯ ಇರುವುದು ಇವೆರಡರ ನಡುವಿನ ಜಾಗದಲ್ಲಿ. ಸಾವಿರ ಕಣ್ಣು ಎಂದು ಹೇಳಿಕೊಂಡು ಒಳಗೆ ಒಂದೇ ಕೈ ಇರುವ ಕಡೆ ಕಣ್ಣೂ ಇಲ್ಲ, ಹಗ್ಗವೂ ಇಲ್ಲ.

ನಮ್ಮ ದೇಶದ ಜನರಲ್ಲಿ ಬಹಳಷ್ಟು ಮಂದಿ ಕಾಯಿನ್ ಇಟ್ಟಿರುವುದು ಆ ನಡುವಿನ ಜಾಗದಲ್ಲೇ. ಮೊಬೈಲಿನ ಆ್ಯಪ್‌ನಲ್ಲಿ ಕೊಂಡಾಗ ಕಾಯಿನ್ ನಿಮ್ಮ ಹೆಸರಿನಲ್ಲಿ ಕಾಣಿಸುತ್ತದೆ, ಅದರ ಮೊಹರು ಸಾಮಾನ್ಯವಾಗಿ ಆ ವಿನಿಮಯ ಕೇಂದ್ರದ ಕೈಯಲ್ಲಿರುತ್ತದೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತದ ವಿನಿಮಯ ಕೇಂದ್ರದ ಒಂದು ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್, ಅಂದರೆ ಎರಡು ಸಾವಿರ ಕೋಟಿ ರೂಪಾಯಿಯ ಹತ್ತಿರ ಕಳುವಾಯಿತು. ಆ ವ್ಯಾಲೆಟ್‌ಗೆ ಆರು ಸಹಿದಾರರಿದ್ದರು. ಕೇಂದ್ರದ ಕಡೆಯವರು ಐದು, ಕಾವಲು ಸೇವೆಯ ಇನ್ನೊಂದು ಕಂಪನಿಯವರು ಒಂದು. ನಾಲ್ಕು ಸಹಿ ಬಿದ್ದರೆ ಸಾಕಿತ್ತು. ಆ ಜಾಲದಲ್ಲಿ ಸಾವಿರಾರು ನೋಡ್‌ಗಳು ಎಚ್ಚರವಾಗೇ ಇದ್ದವು, ಮೊಹರುಗಳು ನಿಯಮದಂತೆ ಬಿದ್ದಿದ್ದರಿಂದ ಅವು ಹಣ ದಾಟುವುದನ್ನು ಒಪ್ಪಿದವು. ಲಕ್ಷಾಂತರ ಗ್ರಾಹಕರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಕಾಯಿನ್‌ಗಳನ್ನು ಹೊರಗೆ ತೆಗೆಯಲು ಆಗಲಿಲ್ಲ. ಅವರು ನ್ಯಾಯಕ್ಕಾಗಿ ನೋಡಬೇಕಾದದ್ದು ಸಿಂಗಪುರದ ನ್ಯಾಯಾಲಯದ ಕಡೆಗೆ.

ಇನ್ನೊಂದು ಮಾತು. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ ಶೇಕಡ 30 ತೆರಿಗೆ ಇದೆ, ಅದೇ ವರ್ಷದ ಜುಲೈಯಿಂದ ಮಾರಾಟಕ್ಕೆ ಶೇಕಡ 1 ಟಿಡಿಎಸ್ ಇದೆ. ಸರ್ಕಾರ ತೆರಿಗೆ ತೆಗೆದುಕೊಳ್ಳುತ್ತಿದೆಯಲ್ಲ, ಹಾಗಾದರೆ ಭದ್ರ ಎಂದು ಕೆಲವರು ತಿಳಿದಿದ್ದಾರೆ. ತೆರಿಗೆ ಬೇರೆ, ಭರವಸೆ ಬೇರೆ. ಆ 5 ಲಕ್ಷದ ವಿಮೆ ಇದಕ್ಕೆ ಇಲ್ಲ.

ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟು: “ದೊಡ್ಡಪ್ಪಾ, ಮಗನ್ನ ಬೈಬೇಡಿ. ಅವನಿಗೆ ಮೂರು ಪ್ರಶ್ನೆ ಕೇಳಿ. ಉತ್ತರ ಹೇಳಿದರೆ ಅವನು ತಿಳಿದು ಮಾಡಿದ್ದಾನೆ, ಹೇಳದಿದ್ದರೆ ತಿಳಿಯುವವರೆಗೂ ಇನ್ನಷ್ಟು ಹಾಕೋದು ಬೇಡ.” ಆ ಮೂರು ಪ್ರಶ್ನೆಗಳನ್ನು ಇಲ್ಲಿ ಕೂತ ಯುವಕರ ಮುಂದೆಯೂ ಇಡುತ್ತೇನೆ.

ಒಂದು, ಈ ಕಾಯಿನ್‌ನ ಮೊಹರು ಯಾರ ಹತ್ತಿರ ಇದೆ, ನಿನ್ನ ಹತ್ತಿರವೋ ಆ್ಯಪ್‌ನವರ ಹತ್ತಿರವೋ? ನಿನ್ನ ಹತ್ತಿರವೇ ಇದ್ದರೂ ಅದು ಕಳೆದುಹೋದರೆ ಬ್ಯಾಂಕಿನ ಪಾಸ್‌ಬುಕ್ಕಿನಂತೆ ಎರಡನೇ ಪ್ರತಿ ಕೊಡುವವರು ಯಾರೂ ಇಲ್ಲ, ಅದೂ ಗೊತ್ತಿರಲಿ.

ಎರಡು, ಈ ಜಾಲ ಕೆಡಬೇಕಾದರೆ ಕಡಿಮೆ ಎಂದರೆ ಎಷ್ಟು ಜನ ಕೆಡಬೇಕು? ‘ಎಷ್ಟು ಕಂಪ್ಯೂಟರುಗಳಿವೆ’ ಎಂದು ಕೇಳಬೇಡಿ, ಅದಕ್ಕೆ ಜಾಹೀರಾತಿನಲ್ಲಿ ಉತ್ತರ ಸಿಗುತ್ತದೆ. ‘ಎಷ್ಟು ಜನ ಕೆಟ್ಟರೆ ಸಾಕು’ ಎಂದು ಕೇಳಿ. ರೋನಿನ್‌ನಲ್ಲಿ ಕಂಪ್ಯೂಟರು ಒಂಬತ್ತು, ಕೆಡಬೇಕಾದ ಕಂಪನಿ ಒಂದು.

ಮೂರು, ಕೆಟ್ಟಾಗ ಹೋಗಿ ಬಾಗಿಲು ತಟ್ಟಲು ಯಾವ ಕಚೇರಿ ಇದೆ? ಅದು ಯಾವ ದೇಶದಲ್ಲಿದೆ?

ಈ ಪ್ರಶ್ನೆಗಳು ಕಾಯಿನ್‌ಗೆ ಮಾತ್ರವಲ್ಲ ಎಂಬುದು ನಿಮಗಾಗಲೇ ಹೊಳೆದಿರುತ್ತದೆ. ನಮ್ಮೂರಲ್ಲಿ ಹಾಲಿನ ಡೈರಿಯ ಸಹಕಾರ ಸಂಘ ಇದೆ, ಮಹಿಳೆಯರ ಸ್ವಸಹಾಯ ಸಂಘಗಳಿವೆ, ಈ ಶಾಲೆಗೇ ಎಸ್‌ಡಿಎಂಸಿ ಇದೆ. ಎಲ್ಲ ಕಡೆಯೂ ಒಬ್ಬರಿಗಿಂತ ಹೆಚ್ಚು ಸಹಿ ಬೇಕೆಂಬ ನಿಯಮ ಇದೆ. ಆ ನಿಯಮ ಮಾಡಿದವರಿಗೆ ಕಂಪ್ಯೂಟರು ಗೊತ್ತಿರಲಿಲ್ಲ, ಮನುಷ್ಯರು ಗೊತ್ತಿದ್ದರು. ಆದರೆ ಒಬ್ಬರು ಚೆಕ್ ಪುಸ್ತಕದ ಹತ್ತು ಹಾಳೆಗಳಿಗೆ ಮುಂಚೆಯೇ ಸಹಿ ಹಾಕಿಟ್ಟು ಊರಿಗೆ ಹೋದರೆ, ಎರಡು ಸಹಿ ಒಂದು ಸಹಿಯಾಗುತ್ತದೆ. ನಡಾವಳಿ ಪುಸ್ತಕವನ್ನು ಓದದೆ ಎಲ್ಲಿ ತೋರಿಸಿದರೋ ಅಲ್ಲಿ ಸಹಿ ಹಾಕಿದರೆ, ಹನ್ನೆರಡು ಸದಸ್ಯರು ಒಬ್ಬ ಸದಸ್ಯರಾಗುತ್ತಾರೆ. ಸಂಘದ ಕಾರ್ಯದರ್ಶಿ ಎಷ್ಟೇ ಪ್ರಾಮಾಣಿಕರಾಗಿರಲಿ, ಅವರ ಲೆಕ್ಕವನ್ನು ಇನ್ನೊಬ್ಬರು ಕೂಡಿ ನೋಡುವುದು ಅವರಿಗೆ ಅವಮಾನವಲ್ಲ, ಅವರಿಗೇ ರಕ್ಷಣೆ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಬೆರಳು ಅವರೊಬ್ಬರ ಕಡೆಗೆ ತಿರುಗುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಸೂಚಿಸುತ್ತೇನೆ. ಗುರುಗಳ ಅಪ್ಪಣೆ ಪಡೆದು ಒಂದು ವಾರ ಹತ್ತು ಜನ ಹತ್ತು ಪುಸ್ತಕಗಳಲ್ಲಿ ಒಂದೇ ಲೆಕ್ಕ ಬರೆಯಿರಿ. ಕಡಲೆಬೀಜವನ್ನೇ ಹಣವೆಂದುಕೊಳ್ಳಿ. ಮೊದಲ ಎರಡು ದಿನ ಎಲ್ಲರೂ ತಾವೇ ನೋಡಿ ಬರೆಯಿರಿ. ಮೂರನೆಯ ದಿನದಿಂದ ಏಳು ಜನ ಒಬ್ಬನ ಪುಸ್ತಕ ನೋಡಿ ಇಳಿಸಿಕೊಳ್ಳಿ. ಅವನಿಗೆ ಗುಟ್ಟಾಗಿ ಒಂದು ತಪ್ಪು ಬರೆಯಲು ಹೇಳಿರಿ. ಶನಿವಾರ ಎಲ್ಲ ಪುಸ್ತಕಗಳನ್ನೂ ತೆರೆದು ನೋಡಿ: ಎಂಟು ಪುಸ್ತಕಗಳಲ್ಲಿ ತಪ್ಪು ಇರುತ್ತದೆ, ಸರಿ ಬರೆದ ಎರಡು ಪುಸ್ತಕಗಳೇ ತಪ್ಪೆಂದು ಕಾಣುತ್ತವೆ. ನಾನು ಇವತ್ತು ಇಷ್ಟು ಹೊತ್ತು ಹೇಳಿದ್ದು ನಿಮಗೆ ಆ ಒಂದು ವಾರದಲ್ಲಿ ಕಡಲೆಬೀಜದ ಖರ್ಚಿನಲ್ಲಿ ತಿಳಿಯುತ್ತದೆ. ಆ ಕಡಲೆಬೀಜದ ಖರ್ಚು ನನ್ನದು, ಪ್ರಯೋಗ ಮುಗಿದ ಮೇಲೆ ತಿನ್ನುವುದು ನಿಮ್ಮದು.

ಐವತ್ತು ವರ್ಷಗಳಲ್ಲಿ ಈ ಶಾಲೆ ಡಾಕ್ಟರು, ಮೇಷ್ಟ್ರು, ಸೈನಿಕರು, ಒಳ್ಳೆಯ ಬೇಸಾಯಗಾರರು ಎಲ್ಲರನ್ನೂ ಕೊಟ್ಟಿದೆ. ಮುಂದಿನ ಐವತ್ತು ವರ್ಷಗಳಲ್ಲಿ ಲೆಕ್ಕವನ್ನು ತಾನೇ ಮಾಡಿ ನೋಡಿ ಒಪ್ಪುವ ಮಕ್ಕಳನ್ನು ಇನ್ನಷ್ಟು ಕೊಡಲಿ ಎಂದು ಹಾರೈಸುತ್ತೇನೆ.  

ಜೈ ಹಿಂದ್, ಜೈ ಕರ್ನಾಟಕ.